ಪೆದ್ದಪಾಡಿನ ಮಗ ದಾಮೋದರಂ ಸಂಜೀವಯ್ಯ



ಗೋನೆಗಂಡ್ಲ ಕಡೆ ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಡ್ಯಾಮು ನೀವು ನೋಡಿರಬಹುದು. ಅದರ ಇನ್ನೊಂದು ಹೆಸರು ಸಂಜೀವಯ್ಯ ಸಾಗರ. ಆ ಸಂಜೀವಯ್ಯ ಯಾರು ಅಂತ ನಮ್ಮ ಓಣಿಯ ಹುಡುಗರನ್ನು ಕೇಳಿದರೆ ಎಷ್ಟು ಮಂದಿ ಹೇಳ್ತಾರೆ? ಭಾರತದಲ್ಲಿ ಒಂದು ರಾಜ್ಯಕ್ಕೆ ಮುಖ್ಯಮಂತ್ರಿಯಾದ ಮೊಟ್ಟಮೊದಲ ದಲಿತರು ಅವರೇ. ಅವರು ನಮ್ಮ ಕರ್ನೂಲು ಜಿಲ್ಲೆಯವರು. ಅದಕ್ಕೇ ಈ ಸಂಚಿಕೆಗೆ ಅವರ ಬಗ್ಗೆ ಬರೆಯಬೇಕು ಅನ್ನಿಸಿತು.

ಸಂಜೀವಯ್ಯನವರು 1921ರ ಫೆಬ್ರವರಿ 14ರಂದು ಕರ್ನೂಲು ಹತ್ತಿರದ ಪೆದ್ದಪಾಡಿನಲ್ಲಿ ಒಂದು ಬಡ ದಲಿತ ಕುಟುಂಬದಲ್ಲಿ ಹುಟ್ಟಿದರು. ತಂದೆ ಮುನಯ್ಯ, ತಾಯಿ ಸುಂಕುಲಮ್ಮ. ಕೂಸು ಹುಟ್ಟಿದ ಕೆಲವೇ ದಿನಕ್ಕೆ ತಂದೆ ತೀರಿಹೋದರು. ಸ್ವಂತ ಹೊಲ ಇಲ್ಲ, ಕೂಲಿ ಮಾಡಿದರೆ ಊಟ. ಸೋದರಮಾವನ ಆಸರೆಯಲ್ಲಿ ಮಕ್ಕಳು ಬೆಳೆದರು. ಕಿರಿಯವನಾದ ಸಂಜೀವಯ್ಯನನ್ನು ಮಾತ್ರ ಹೇಗೋ ಶಾಲೆಗೆ ಕಳಿಸಿದರು. ಕರ್ನೂಲಿನ ಮುನ್ಸಿಪಲ್ ಹೈಸ್ಕೂಲು ಮುಗಿಸಿ, ಅನಂತಪುರದ ಕಾಲೇಜಿನಲ್ಲಿ ಗಣಿತ ತಗೊಂಡು ಬಿ.ಎ. ಪಾಸಾದರು.

ಪಾಸಾದ ಮೇಲೆ ದೊಡ್ಡ ಹುದ್ದೆ ಏನೂ ಕಾದು ಕೂತಿರಲಿಲ್ಲ. ಯುದ್ಧದ ಕಾಲ ಅದು. ಕರ್ನೂಲಿನ ರೇಷನಿಂಗ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದರು. ಆಮೇಲೆ ಬಳ್ಳಾರಿಯಲ್ಲಿ ಒಂದು ತಾತ್ಕಾಲಿಕ ತನಿಖಾ ಹುದ್ದೆ ಸಿಕ್ಕಿತು. ಆಗ ನಮ್ಮ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು ಅನ್ನೋದು ಹಿರಿಯರಿಗೆ ಗೊತ್ತೈತಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ನಾವು ಕರ್ನೂಲಿಗೆ ಸೇರಿದ್ವಿ. ಅಂದರೆ ಅವರು ನಮ್ಮ ಜಿಲ್ಲಾ ಕೇಂದ್ರದಲ್ಲೇ ಕೆಲಸ ಮಾಡಿದವರು. ಆ ತಾತ್ಕಾಲಿಕ ಕೆಲಸ ಹೋದ ಮೇಲೆ ಮದ್ರಾಸಿಗೆ ಹೋಗಿ ಲಾ ಕಾಲೇಜು ಸೇರಿದರು. ಓದುವಾಗ ಖರ್ಚಿಗೆ ಪಾಠ ಹೇಳಿಕೊಡುತ್ತಿದ್ದರು. ಕೊನೆಗೆ ವಕೀಲರಾದರು.

ಇಲ್ಲಿ ಒಂದು ಮಾತು ಗಮನಿಸ್ರಿ. ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತ ಬಡವ ಕಿಟಕಿ ಹೊರಗೆ ಇರ್ತಾನೆ, ಗುಮಾಸ್ತ ಒಳಗೆ ಇರ್ತಾನೆ. ಸಂಜೀವಯ್ಯನವರು ಎರಡೂ ಕಡೆ ನಿಂತವರು. ಸರ್ಕಾರ ಅನ್ನೋದು ಕೆಳಗಿನ ಮೇಜಿನಲ್ಲಿ ಹೇಗೆ ನಡೀತದೆ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು.

1950ರಲ್ಲಿ ದೆಹಲಿಯ ತಾತ್ಕಾಲಿಕ ಪಾರ್ಲಿಮೆಂಟಿಗೆ ಸದಸ್ಯರಾದರು. 1952ರ ಚುನಾವಣೆಯಲ್ಲಿ ಗೆದ್ದು ಮದ್ರಾಸ್ ಸರ್ಕಾರದಲ್ಲಿ ರಾಜಾಜಿಯವರ ಮಂತ್ರಿಮಂಡಲ ಸೇರಿದರು. ಆಮೇಲೆ ಆಂಧ್ರದಲ್ಲೂ ಮಂತ್ರಿಯಾಗಿ ಬೇರೆ ಬೇರೆ ಇಲಾಖೆ ನೋಡಿಕೊಂಡರು. 1960ರ ಜನವರಿ 11ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿಯಾದಾಗ ಅವರಿಗೆ ಇನ್ನೂ 39 ತುಂಬಿರಲಿಲ್ಲ. 1962ರ ಮಾರ್ಚ್‌ವರೆಗೆ, ಬರೀ ಎರಡು ವರ್ಷ ಚಿಲ್ಲರೆ ಆ ಕುರ್ಚಿಯಲ್ಲಿದ್ದರು. ಸ್ವಂತ ಪಕ್ಷದೊಳಗೇ ಅವರನ್ನು ಕೆಳಗಿಳಿಸಲು ಗುಂಪುಗಾರಿಕೆ ನಡೆದಿತ್ತು.

ಆ ಎರಡು ವರ್ಷದಲ್ಲೇ ಅವರು ಮಾಡಿದ ಕೆಲಸ ಇವತ್ತಿಗೂ ನಮ್ಮ ಮನೆಗೆ ಮುಟ್ಟುತ್ತಿದೆ. ವೃದ್ಧಾಪ್ಯ ಪಿಂಚಣಿಯನ್ನೇ ತಗೊಳ್ರಿ. ಜನ ಹೇಳುವ ಕಥೆ ಹೀಗಿದೆ. ಮುಖ್ಯಮಂತ್ರಿಯಾದ ಮೇಲೆ ಊರಿಗೆ ಹೋದಾಗ ಅವ್ವ ಕಟ್ಟಿಗೆ ಒಲೆ ಊದುತ್ತಾ ಅಡಿಗೆ ಮಾಡ್ತಿದ್ದಳು. ಮಗ ಕೈಗೆ ಸ್ವಲ್ಪ ದುಡ್ಡು ಕೊಟ್ಟ. ತನಗಾದರೆ ಕೊಡೋ ಮಗ ಇದ್ದಾನೆ, ಯಾರೂ ಇಲ್ಲದ ಮುದುಕಿಯರ ಗತಿ ಏನು ಅಂತ ಅವ್ವ ಕೇಳಿದಳಂತೆ. 1960ರಲ್ಲಿ ಪಿಂಚಣಿ ಶುರುವಾಯಿತು. ಈಗ ತಿಂಗಳ ಒಂದನೇ ತಾರೀಖು ನಮ್ಮ ಓಣಿಯ ಅಜ್ಜಿಯರ ಬಾಗಿಲಿಗೆ ಬರುವ ದುಡ್ಡಿನ ಬೇರು ಅಲ್ಲೈತಿ.

ಆದರೆ ಯೋಜನೆ ಘೋಷಿಸಿದರೆ ಸಾಲದು, ನಡುವೆ ಸೋರಬಾರದು. 1961ರ ಜನವರಿಯಲ್ಲಿ ಭ್ರಷ್ಟಾಚಾರ ನಿಗ್ರಹಕ್ಕೆ ಅಂತಲೇ ಎ.ಸಿ.ಬಿ. ಬಂದದ್ದು ಅವರ ಕಾಲದಲ್ಲೇ. ಲಂಚ ಕೇಳಿದವನ ಮೇಲೆ ದೂರು ತಗೊಂಡು, ಗುರುತು ಹಾಕಿದ ನೋಟಿನೊಂದಿಗೆ ಹಿಡಿಯುವ ಇಲಾಖೆ ಅದು. ಬಡವರಿಗೆ ಸರ್ಕಾರಿ ಭೂಮಿ ಹಂಚುವುದು, ಆಫೀಸಿನ ಪತ್ರ ವ್ಯವಹಾರ ಇಂಗ್ಲಿಷ್ ಬಿಟ್ಟು ಜನರ ಭಾಷೆಯಲ್ಲಿ ನಡೆಸುವುದು, ಇವಕ್ಕೂ ಒತ್ತು ಕೊಟ್ಟರು.

ಭಾಷೆ ವಿಷಯ ನಮಗೆ ಹತ್ತಿರದ್ದು. ಹೊಳಗುಂದದಲ್ಲಿ ಮನೆಮಾತು ಕನ್ನಡ, ಕಾಗದ ಬರೋದು ತೆಲುಗಿನಲ್ಲಿ. 1961ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ, ಭಾಷಾ ಅಲ್ಪಸಂಖ್ಯಾತರು ಸಾಕಷ್ಟು ಸಂಖ್ಯೆಯಲ್ಲಿರುವ ಕಡೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕು ಅಂತ ಒಪ್ಪಿದ್ದರು. ಅಕ್ಷರ ಬಾರದ ನಮ್ಮ ಹಿರಿಯರು ಒಂದು ನೋಟಿಸು ಓದಿಸಲು ಇನ್ನೊಬ್ಬರ ಮನೆ ಬಾಗಿಲು ಕಾಯೋದು ನೋಡಿದರೆ, ಒಪ್ಪಿದ್ದು ಬೇರೆ, ನಡೆಯೋದು ಬೇರೆ ಅಂತ ತಿಳೀತದೆ.

ಮುಂದೆ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ದಲಿತರೂ ಅವರೇ. 1964ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಯಾದರು. ಕಾರ್ಮಿಕರಿಗೆ ಬೋನಸ್ ಹಕ್ಕಾಗಿ ಕೊಟ್ಟ 1965ರ ಕಾಯ್ದೆ ಅವರ ಕಾಲದ್ದು. 1972ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಇನ್ನೂ 51 ವರ್ಷ. ಅಷ್ಟು ದೊಡ್ಡ ಹುದ್ದೆಗಳಲ್ಲಿದ್ದೂ ಆಸ್ತಿ ಮಾಡಿಕೊಳ್ಳಲಿಲ್ಲ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ಪಾರ್ಕಿಗೂ, ವಿಶಾಖಪಟ್ಟಣದ ಕಾನೂನು ವಿಶ್ವವಿದ್ಯಾಲಯಕ್ಕೂ ಅವರ ಹೆಸರಿದೆ.

ಗೆಳೆಯರೇ, ಹಾರ ಹಾಕಿ ಫೋಟೋ ತಗೊಂಡರೆ ಅವರ ಋಣ ತೀರೋದಿಲ್ಲ. ಮುಖ್ಯಮಂತ್ರಿ ಮಾಡಿದ ಆದೇಶ ನಮ್ಮ ಓಣಿಗೆ ಬರಬೇಕಾದರೆ ಕೆಳಗೆ ಒಬ್ಬ ವಿ.ಆರ್.ಒ., ಒಬ್ಬ ಸಚಿವಾಲಯದ ಸಿಬ್ಬಂದಿ, ಒಬ್ಬ ಗುಮಾಸ್ತ ಸರಿಯಾಗಿ ಕೆಲಸ ಮಾಡಬೇಕು. ಆ ಮೇಜುಗಳ ಹಿಂದೆ ನಮ್ಮ ಮಕ್ಕಳೂ ಕೂಡಬೇಕು. ಡಿಗ್ರಿ ಓದುವ ತಮ್ಮ ತಂಗಿಯರು ಗ್ರೂಪ್ ಪರೀಕ್ಷೆಗಳಿಗೆ ಈಗಿಂದಲೇ ಓದಿರಿ. ಪರೀಕ್ಷೆ ಬರೆಯದವರೂ ವಾರಕ್ಕೆ ಒಂದು ಸಂಜೆ ಸಂಘದಲ್ಲಿ ಕೂತು ಹಿರಿಯರ ಅರ್ಜಿ ಬರೆದುಕೊಡಿ. ಕೊಟ್ಟ ಅರ್ಜಿಗೆ ರಸೀದಿ ಕೇಳಿ ತಗೊಳ್ರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿರಿ, 30 ದಿನದೊಳಗೆ ಹೇಳಲೇಬೇಕು.

ರೇಷನಿಂಗ್ ಆಫೀಸಿನ ಗುಮಾಸ್ತ ರಾಜ್ಯ ಆಳಿದ. ನಮ್ಮೂರಿನ ಹುಡುಗ, ಹುಡುಗಿ ಕನಿಷ್ಠ ಮಂಡಲ ಆಫೀಸಿನೊಳಗೆ ತಲೆ ಎತ್ತಿ ಹೋಗಿ ಬರುವಂತಾಗಲಿ.

ಜೈ ಭೀಮ್.