ಕುಷ್ಠರೋಗಿಗಳ ಬಂಧು ಫಾದರ್ ಡೇಮಿಯನ್

ಸಹಕಾರ ಸಂಘದ ಬೆಳ್ಳಿ ಹಬ್ಬದ ಸಂಚಿಕೆ ಅಂದಮೇಲೆ 1905ರಲ್ಲಿ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರ ಚರಿತ್ರೆ ಇರಲೇಬೇಕು. ಅದನ್ನು ಬೇರೆಯವರು ಬರೆಯುತ್ತಿದ್ದಾರೆಂದು ಸಂಪಾದಕ ಮಂಡಳಿಯವರು ತಿಳಿಸಿದ್ದರಿಂದ, ಇನ್ನೊಬ್ಬ ಮಹನೀಯರನ್ನು ಆರಿಸಿಕೊಳ್ಳುವ ಅವಕಾಶ ನನ್ನ ಪಾಲಿಗೆ ಬಂತು. ನಾನು ಆರಿಸಿಕೊಂಡವರು ನಮ್ಮ ದೇಶದವರೂ ಅಲ್ಲ, ಸಹಕಾರಿ ಚಳವಳಿಯವರೂ ಅಲ್ಲ. ಆದರೆ ಪರರ ಕಷ್ಟಕ್ಕೆ ಆಗುವವನು ತನ್ನ ಪ್ರಾಣವನ್ನು ಎಷ್ಟರಮಟ್ಟಿಗೆ ಪಣಕ್ಕಿಡಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ಇವರೇ.

ಅದಕ್ಕೆ ಕಾರಣವೂ ಇದೆ. ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆ ಏರಿಯ ಕೆಳಗೆ ಒಂದು ಗುಡಿಸಲಿತ್ತು. ದೊಡ್ಡರೋಗ ಬಂದವರೊಬ್ಬರನ್ನು ಮನೆಯವರೇ ಅಲ್ಲಿ ಇರಿಸಿದ್ದರು. ನಮ್ಮಜ್ಜಿ ಆಗಾಗ ನನ್ನ ಕೈಲಿ ಮುದ್ದೆ ಸಾರು ಕೊಟ್ಟು ಕಳಿಸೋರು. ಗುಡಿಸಲಿಗೆ ಇಪ್ಪತ್ತು ಮಾರು ಈಚೆ ಒಂದು ಚಪ್ಪಡಿ ಕಲ್ಲು; ಅದರ ಮೇಲೆ ಇಟ್ಟು, ನಿಲ್ಲದೆ ವಾಪಸ್ ಬರಬೇಕು ಅಂತ ಅಪ್ಪಣೆ. ಅಜ್ಜಿ ಕಠಿಣ ಮನಸ್ಸಿನವರೇನಲ್ಲ, ಊರಿನಲ್ಲಿ ಅಷ್ಟಾದರೂ ಮಾಡುತ್ತಿದ್ದವರು ಅವರೊಬ್ಬರೇ. ಆದರೂ ಆ ಇಪ್ಪತ್ತು ಮಾರನ್ನು ನಾನೂ ದಾಟಲಿಲ್ಲ, ಯಾರೂ ದಾಟಲಿಲ್ಲ. ಅದನ್ನು ದಾಟಿದವರೊಬ್ಬರ ಕಥೆ ಇದು.

ಯುರೋಪಿನ ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು ಜೋಸೆಫ್ ಡಿ ವೂಸ್ಟರ್ ಜನಿಸಿದರು. ತಂದೆಯದು ಬೇಸಾಯ ಮತ್ತು ಕಾಳುಕಡಿ ವ್ಯಾಪಾರ. ಹುಡುಗ ಗಟ್ಟಿಮುಟ್ಟು, ಹದಿಮೂರನೆಯ ವಯಸ್ಸಿಗೇ ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದರು. ಮರಗೆಲಸ, ಗಾರೆ ಕೆಲಸ ಎಲ್ಲಾ ಕೈಗೆ ಹತ್ತಿತ್ತು. ಮುಂದೆ ಅಣ್ಣನ ಹಿಂದೆಯೇ ಮಠ ಸೇರಿ ಡೇಮಿಯನ್ ಎಂಬ ಹೆಸರು ಪಡೆದರು. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಧರ್ಮಪ್ರಚಾರಕ್ಕೆ ಹೋಗಬೇಕಾಗಿದ್ದವರು ನಿಜಕ್ಕೂ ಆ ಅಣ್ಣ. ಅವರು ವಿಷಮಜ್ವರದ ರೋಗಿಗಳ ಆರೈಕೆಗೆ ಹೋಗಿ ತಾವೇ ಹಾಸಿಗೆ ಹಿಡಿದರು. ಅವರ ಬದಲಿಗೆ ತಮ್ಮನೇ ಹಡಗು ಹತ್ತಿ 1864ರ ಮಾರ್ಚಿಯಲ್ಲಿ ಹೊನೊಲುಲು ತಲುಪಿದರು. ಅಣ್ಣ ತಮ್ಮ ಇಬ್ಬರದೂ ಒಂದೇ ಜಾಯಮಾನ ಅನ್ನಬೇಕು.

ಆ ಹೊತ್ತಿಗೆ ಹವಾಯಿಯಲ್ಲಿ ಹೊರಗಿನಿಂದ ಬಂದ ರೋಗಗಳು ಸ್ಥಳೀಯ ಜನರನ್ನು ಹಣಿದು ಹಾಕಿದ್ದವು. ಕುಷ್ಠವೂ ಅವುಗಳಲ್ಲಿ ಒಂದು. 1865ರಲ್ಲಿ ಅಲ್ಲಿನ ಅರಸರ ಸರ್ಕಾರ ರೋಗಿಗಳನ್ನು ಬೇರ್ಪಡಿಸುವ ಕಾನೂನು ತಂದಿತು. ಇದಕ್ಕೆ ಆರಿಸಿದ ಜಾಗ ಮೊಲೊಕಾಯಿ ದ್ವೀಪದ ಉತ್ತರದ ಒಂದು ಚಾಚು ಭೂಮಿ. ಮೂರು ಕಡೆ ಸಮುದ್ರ, ಬೆನ್ನಿಗೆ ಎರಡು ಸಾವಿರ ಅಡಿಗೂ ಮಿಕ್ಕಿದ ಕಡಿದಾದ ಬಂಡೆ. ದೇವರೇ ಕಟ್ಟಿದ ಜೈಲು ಅಂದರೂ ಸರಿಯೇ. 1866ರ ಜನವರಿಯಲ್ಲಿ ಮೊದಲ ಹನ್ನೆರಡು ಜನರನ್ನು ಕಲವಾವೊ ಎಂಬಲ್ಲಿ ಇಳಿಸಿದರು. ಅವರು ತಾವೇ ಬೆಳೆದುಕೊಂಡು ಉಣ್ಣಲಿ ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳಿಲ್ಲದ ಕೈಗಳು ಗುದ್ದಲಿ ಹಿಡಿಯುವುದಾದರೂ ಹೇಗೆ, ಅಂತ ಯಾರೂ ಕೇಳಿದಂತಿಲ್ಲ.

1873ರಲ್ಲಿ ಅಲ್ಲಿನ ಬಿಷಪರು ತಮ್ಮ ಪಾದ್ರಿಗಳ ಮುಂದೆ ಈ ವಿಷಯ ಇಟ್ಟರು. ಅಲ್ಲಿಗೆ ಹೋಗೆಂದು ಯಾರಿಗೂ ಆಜ್ಞೆ ಮಾಡಲು ಅವರಿಗೆ ಮನಸ್ಸಾಗಲಿಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸಾವಿನ ಬಾಯಿಗೆ ಹೋಗು ಅಂತ ಇನ್ನೊಬ್ಬರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಹೋಗುವವನು ತಾನಾಗಿ ಹೋಗಬೇಕು. ನಾಲ್ವರು ಮುಂದೆ ಬಂದರು. ಸರದಿಯ ಮೇಲೆ ಕೆಲವು ವಾರ ಇದ್ದು ಬರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಅವರು ದಡಕ್ಕೆ ಇಳಿದಾಗ ವಯಸ್ಸು 33. ಕೆಲವೇ ದಿನಗಳಲ್ಲಿ, ಇಲ್ಲೇ ಇರಲು ಅಪ್ಪಣೆ ಕೊಡಿ ಎಂದು ಮೇಲಿನವರಿಗೆ ಬರೆದರು. ಸರದಿ ಅಲ್ಲಿಗೇ ಮುಗಿಯಿತು.

ಮೊದಲ ರಾತ್ರಿಗಳನ್ನು ಅವರು ಒಂದು ಮರದಡಿ ಕಳೆದರು. ಅದು ನಮ್ಮ ಕೇದಗೆಯ ಜಾತಿಗೇ ಸೇರಿದ ಮರ. ಸುತ್ತ 600ಕ್ಕೂ ಹೆಚ್ಚು ರೋಗಿಗಳು. ಹುಲ್ಲಿನ ಗುಡಿಸಲುಗಳು, ಸ್ನಾನಕ್ಕೆ ನೀರಿಲ್ಲ, ಹುಣ್ಣಿಗೆ ಕಟ್ಟಲು ಬಟ್ಟೆಯಿಲ್ಲ. ಸತ್ತವರನ್ನು ಚಾಪೆಯಲ್ಲಿ ಸುತ್ತಿ ಹೂಳುತ್ತಿದ್ದರು, ಹಂದಿಗಳು ಕೆದಕುತ್ತಿದ್ದವು. ಹುಣ್ಣಿನ ನಾತಕ್ಕೆ ತಲೆ ತಿರುಗಿ ಪೂಜೆಯ ನಡುವೆಯೇ ಹೊರಗೆ ಓಡಬೇಕೆನಿಸುತ್ತಿತ್ತಂತೆ. ಆ ನಾತ ತಡೆಯಲು ಅವರು ಚುಂಗಾಣಿ ಸೇದುವುದನ್ನು ರೂಢಿಸಿಕೊಂಡರು.

ಇನ್ನು ಅವರು ಮಾಡಿದ ಕೆಲಸ. ನಮ್ಮ ಹಳ್ಳಿಯ ಕಣ್ಣಿಗೆ ಇದೇ ಹೆಚ್ಚಿನದು. ದೂರದ ಕಣಿವೆಯಲ್ಲಿ ಬತ್ತದ ನೀರಿನ ಜಾಗ ಹುಡುಕಿ, ಸರ್ಕಾರಕ್ಕೆ ಬರೆದು ಬರೆದು ಕೊಳವೆಗಳನ್ನು ತರಿಸಿ, ಕೈಕಾಲು ಆಡುವಷ್ಟು ಗಟ್ಟಿ ಇದ್ದ ರೋಗಿಗಳನ್ನೇ ಕೂಡಿಸಿಕೊಂಡು ಊರಿಗೆ ನೀರು ಹರಿಸಿದರು. 1874ರ ಕೊನೆಗೆ ಬಿರುಗಾಳಿ ಬಂದು ಗುಡಿಸಲುಗಳನ್ನು ಕಿತ್ತೊಗೆದಾಗ, ಮರಮುಟ್ಟು ತರಿಸಿ, ನೆಲದಿಂದ ಮೇಲೆತ್ತಿದ ಹಲಗೆ ಮನೆಗಳನ್ನು ಕಟ್ಟಲು ನಿಂತರು. ಗರಗಸ ಹಿಡಿದವರೂ ಅವರೇ, ಏಣಿ ಹತ್ತಿದವರೂ ಅವರೇ. ಅನಾಥ ಮಕ್ಕಳಿಗೆ ವಸತಿ, ವಾದ್ಯದ ಮೇಳ, ರಸ್ತೆ, ಸ್ಮಶಾನಕ್ಕೆ ಬೇಲಿ. ನೂರಾರು ಶವಪೆಟ್ಟಿಗೆಗಳನ್ನು ಸ್ವತಃ ಮಾಡಿದರು, ಗುಂಡಿಯನ್ನೂ ತೋಡಿದರು. ಮಣ್ಣು ಮಾಡುವ ಕಾರ್ಯಕ್ಕೆಂದೇ ರೋಗಿಗಳದೊಂದು ಸಂಘ ಕಟ್ಟಿದರು. ಒಬ್ಬೊಬ್ಬರಿಗೂ ತನ್ನ ಸಾವು ಅನಾಥ ಸಾವಾಗುವುದಿಲ್ಲ ಎಂಬ ಧೈರ್ಯ ಬಂತು. ಸಂಘ ಅಂದರೆ ಇನ್ನೇನ್ರೀ?

ಅವರು ದೇವತಾ ಮನುಷ್ಯರೇನೂ ಆಗಿರಲಿಲ್ಲ. ಮಹಾ ಹಟಮಾರಿ, ಮುಂಗೋಪಿ. ಕಳ್ಳು ಸಾರಾಯಿ ಮಾಡಿ ಕುಣಿಯುವವರ ಗುಂಪಿನ ಮೇಲೆ ದೊಣ್ಣೆ ಹಿಡಿದೇ ಹೋಗುತ್ತಿದ್ದರು. ಆರೋಗ್ಯ ಮಂಡಳಿಯ ಅಧಿಕಾರಿಗಳಿಗೂ ಅವರಿಗೂ ಜಗಳ ತಪ್ಪಿದ್ದಲ್ಲ. ತಮ್ಮ ಮಠದ ಹಿರಿಯರಿಗೂ ಅವರ ಮೇಲೆ ಅಸಮಾಧಾನವಿತ್ತು.

ಈಗ ಮೂಲ ವಿಷಯಕ್ಕೆ ಬರೋಣ. ಅಲ್ಲಿಗೆ ಕಳಿಸುವಾಗಲೇ ಅವರಿಗೆ ಎಚ್ಚರಿಕೆ ಕೊಟ್ಟಿದ್ದರು: ರೋಗಿಗಳನ್ನು ಮುಟ್ಟಬೇಡಿ, ಅವರೊಡನೆ ಉಣ್ಣಬೇಡಿ ಅಂತ. ಹವಾಯಿ ಜನರ ಮುಖ್ಯ ಆಹಾರ ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದು ಮಾಡುವ ಪೋಯಿ ಎಂಬ ಅಂಬಲಿ. ಎಲ್ಲರೂ ಒಂದೇ ಬೋಗುಣಿಗೆ ಬೆರಳು ಅದ್ದಿ ತಿನ್ನುವುದು ಅವರ ಪದ್ಧತಿ. ಬೇಡ ಅಂದರೆ ಮನೆಯವರಿಗೆ ಅವಮಾನ. ಡೇಮಿಯನ್ನರು ಕೂತು ತಿಂದರು. ತಮ್ಮ ಚುಂಗಾಣಿಯನ್ನೂ ಹಂಚಿಕೊಂಡರು. ಹುಣ್ಣು ತೊಳೆದು ಕಟ್ಟಿದರು. ಪ್ರವಚನದಲ್ಲೂ ನೀವು ರೋಗಿಗಳು ಅನ್ನದೆ ನಾವು ಎಂದೇ ಹೇಳುತ್ತಿದ್ದರು, ರೋಗ ಬರುವುದಕ್ಕೆ ಎಷ್ಟೋ ಮೊದಲೇ.

ಹೊರಗಿನವರ ಭಯ ಎಷ್ಟಿತ್ತು ಎಂಬುದಕ್ಕೆ ಒಂದು ಪ್ರಸಂಗ. ಒಮ್ಮೆ ಅವರ ಮಠದ ಹಿರಿಯರು ಹಡಗಿನಲ್ಲಿ ಬಂದರು. ಕ್ಯಾಪ್ಟನ್ ಅವರನ್ನು ಕೆಳಗಿಳಿಯಲು ಬಿಡಲಿಲ್ಲ, ಇವರನ್ನು ಮೇಲೆ ಹತ್ತಲೂ ಬಿಡಲಿಲ್ಲ. ಪಾದ್ರಿಗಳೂ ತಮ್ಮ ಪಾಪಗಳನ್ನು ಇನ್ನೊಬ್ಬ ಪಾದ್ರಿಗೆ ಗುಟ್ಟಾಗಿ ಹೇಳಿಕೊಳ್ಳಬೇಕೆಂಬುದು ಅವರ ಧರ್ಮ. ಡೇಮಿಯನ್ನರು ಸಣ್ಣ ದೋಣಿಯಲ್ಲಿ ನಿಂತು, ಅಷ್ಟು ಜನರ ಎದುರಿಗೆ, ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿಕೊಂಡರಂತೆ.

ಅಪಾಯಕ್ಕೆ ಒಡ್ಡಿಕೊಂಡವರು ಅವರೊಬ್ಬರೇ ಅಂತ ತಿಳಿಯಬಾರದು. ಗಂಡನ ಜೊತೆ ಹೆಂಡತಿ, ಮಗನ ಜೊತೆ ತಾಯಿ ಹೀಗೆ ರೋಗವಿಲ್ಲದ ಎಷ್ಟೋ ಮಂದಿ ತಾವಾಗಿಯೇ ಅಲ್ಲಿಗೆ ಬಂದಿದ್ದರು. ಅವರನ್ನು ಕೊಕುವಾ ಅನ್ನುತ್ತಿದ್ದರು. ಆ ಭಾಷೆಯಲ್ಲಿ ಕೊಕುವಾ ಅಂದರೆ ನೆರವು, ಸಹಕಾರ ಎಂದೇ ಅರ್ಥ. ಜೊನಾಥನ್ ನಪೇಲಾ ಎಂಬ ಹವಾಯಿಯ ಗಣ್ಯರು ಹೆಂಡತಿಗೆ ರೋಗ ಬಂತೆಂದು 1873ರಲ್ಲಿ ಆಕೆಯ ಜೊತೆಗೇ ಬಂದರು. ಅವರದು ಬೇರೆ ಪಂಥ, ಆದರೂ ಡೇಮಿಯನ್ನರಿಗೂ ಅವರಿಗೂ ಸ್ನೇಹ. ಕಡೆಗೆ ಅವರಿಗೂ ರೋಗ ತಗುಲಿ 1879ರಲ್ಲಿ, ಹೆಂಡತಿಗಿಂತ ಮೊದಲೇ, ತೀರಿಕೊಂಡರು. ಅವರಿಗೆ ಯಾವ ದೇಶದಲ್ಲೂ ಪ್ರತಿಮೆ ನಿಲ್ಲಿಸಿದ್ದು ನಾನು ಕಂಡಿಲ್ಲ.

1884ರ ಡಿಸೆಂಬರಿನಲ್ಲಿ ಒಂದು ಸಂಜೆ ಡೇಮಿಯನ್ನರು ದಣಿದ ಕಾಲನ್ನು ಬಿಸಿನೀರಿಗೆ ಇಟ್ಟರು. ನೀರು ಕುದಿಯುತ್ತಿತ್ತು. ಚರ್ಮದ ಮೇಲೆ ಬೊಬ್ಬೆ ಎದ್ದದ್ದು ಕಣ್ಣಿಗೆ ಕಂಡಿತೇ ಹೊರತು ಉರಿ ಗೊತ್ತಾಗಲಿಲ್ಲ. ಇಷ್ಟು ವರ್ಷ ರೋಗಿಗಳ ನಡುವೆ ಇದ್ದವರಿಗೆ ಜೋಮು ಹಿಡಿದ ಕಾಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುವರ್ಷ ವೈದ್ಯರೂ ಅದನ್ನೇ ಖಚಿತಪಡಿಸಿದರು. ಆಮೇಲಿನ ನಾಲ್ಕು ವರ್ಷ ಅವರು ಹಿಂದಿಗಿಂತ ಜೋರಾಗಿ ಕೆಲಸ ಮಾಡಿದರು, ಸಮಯ ಕಡಿಮೆ ಅಂತ ತಿಳಿದವರ ಹಾಗೆ. 1889ರ ಏಪ್ರಿಲ್ 15ರಂದು ತೀರಿಕೊಂಡರು. ವಯಸ್ಸು 49. ಮೊದಲ ರಾತ್ರಿ ಮಲಗಿದ್ದ ಆ ಮರದ ಬುಡದಲ್ಲೇ ಅವರ ಇಷ್ಟದಂತೆ ಸಮಾಧಿಯಾಯಿತು.

ಅವರಿಂದ ತಪ್ಪಾಯಿತೆ? ಅಂದೇ ಹಾಗೆ ಹೇಳಿದವರಿದ್ದರು. ಹೊನೊಲುಲುವಿನ ಹೈಡ್ ಎಂಬ ಇನ್ನೊಂದು ಪಂಥದ ಪಾದ್ರಿ, ಆತ ಕೊಳಕ, ಹಟಮಾರಿ, ತನ್ನ ದುರ್ನಡತೆ ಮತ್ತು ಅಜಾಗರೂಕತೆಯಿಂದಲೇ ರೋಗ ತಂದುಕೊಂಡ ಎಂದು ಬರೆದರು. ಟ್ರೆಷರ್ ಐಲೆಂಡ್ ಬರೆದ ಸ್ಟೀವನ್‌ಸನ್, ಸ್ವತಃ ಕಾಹಿಲೆಯ ಮನುಷ್ಯ, ಡೇಮಿಯನ್ನರು ಸತ್ತ ಕೆಲವೇ ವಾರಗಳಲ್ಲಿ ಆ ದ್ವೀಪಕ್ಕೆ ಹೋಗಿ ಒಂದು ವಾರ ಇದ್ದು ಬಂದಿದ್ದರು. 1890ರಲ್ಲಿ ಅವರು ಹೈಡ್‌ಗೆ ಬಹಿರಂಗ ಪತ್ರ ಬರೆದು ಚೆನ್ನಾಗಿ ಝಾಡಿಸಿದರು. ಸ್ವಾರಸ್ಯ ಏನೆಂದರೆ ಕೊಳಕು, ಹಟ ಇವುಗಳನ್ನು ಸ್ಟೀವನ್‌ಸನ್ ಪೂರ್ತಿ ಅಲ್ಲಗಳೆಯಲಿಲ್ಲ. ಉಳಿದವರು ಮನೆಯಲ್ಲಿ ಕೂತಿದ್ದಾಗ ಹೋದವನು ಈತ ಎಂಬುದೇ ಅವರ ವಾದದ ತಿರುಳು.

ಆದರೆ ನ್ಯಾಯವಾಗಿ ಇನ್ನಿಬ್ಬರ ಹೆಸರನ್ನೂ ಹೇಳಬೇಕು. 1886ರಲ್ಲಿ ಜೋಸೆಫ್ ಡಟನ್ ಎಂಬ ಅಮೆರಿಕದ ಮಾಜಿ ಸೈನಿಕರು ಡೇಮಿಯನ್ನರ ಸಹಾಯಕ್ಕೆಂದು ಬಂದರು. ಸಮಾಧಾನಿ, ಅಚ್ಚುಕಟ್ಟಿನ ಮನುಷ್ಯ. ದಿನಾ ಹುಣ್ಣು ಕಟ್ಟುತ್ತಾ 44 ವರ್ಷ ಅಲ್ಲಿದ್ದರು. 1931ರಲ್ಲಿ ವಯಸ್ಸಾಗಿ ತೀರಿಕೊಂಡರು, ಕುಷ್ಠ ಹತ್ತಿರ ಸುಳಿಯಲಿಲ್ಲ. 1888ರ ನವೆಂಬರಿನಲ್ಲಿ ಮದರ್ ಮರಿಯಾನ್ನೆ ಕೋಪ್ ಎಂಬ ಸನ್ಯಾಸಿನಿ ತಮ್ಮ ಸಹೋದರಿಯರೊಡನೆ ಬಂದರು. ಆಸ್ಪತ್ರೆ ನಡೆಸಿ ಪಳಗಿದವರು. ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವುದು ಅವರಲ್ಲಿ ಕಟ್ಟುನಿಟ್ಟು. ತಮ್ಮಲ್ಲಿ ಯಾರಿಗೂ ಈ ರೋಗ ಬರುವುದಿಲ್ಲ ಎಂದು ಸಹೋದರಿಯರಿಗೆ ಧೈರ್ಯ ಹೇಳಿದ್ದರು. ಯಾರಿಗೂ ಬರಲಿಲ್ಲ. ಅವರು 1918ರವರೆಗೆ, ತಮ್ಮ 80ನೆಯ ವಯಸ್ಸಿನವರೆಗೆ, ಅಲ್ಲೇ ಸೇವೆ ಮಾಡಿದರು.

ಕೈ ತೊಳೆದದ್ದರಿಂದಲೇ ಉಳಿದರೆಂದು ಇಂದಿನ ವಿಜ್ಞಾನ ಖಡಾಖಂಡಿತವಾಗಿ ಹೇಳುವುದಿಲ್ಲ. ನೂರಕ್ಕೆ ತೊಂಬತ್ತೈದು ಜನರ ಮೈಯಲ್ಲಿ ಈ ರೋಗ ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಔಷಧಿ ತೆಗೆದುಕೊಳ್ಳದ ರೋಗಿಯ ಜೊತೆ ಬಹುಕಾಲ ಒಡನಾಡಿದರೆ ಮಾತ್ರ, ಅದೂ ಹೆಚ್ಚಾಗಿ ಮೂಗು ಬಾಯಿಯ ಹನಿಗಳಿಂದ, ಅಂಟುತ್ತದೆ. ಡೇಮಿಯನ್ನರು ಉಳಿದ ಐದು ಜನರಲ್ಲಿ ಒಬ್ಬರು. ಅದು ಅವರಿಗಾಗಲೀ ಬೇರೆ ಯಾರಿಗಾಗಲೀ ಗೊತ್ತಿರಲಿಲ್ಲ. ಅವರು ದ್ವೀಪಕ್ಕೆ ಇಳಿದ 1873ರಲ್ಲೇ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯರು ಈ ರೋಗದ ಕ್ರಿಮಿಯನ್ನು ಕಂಡದ್ದು.

ನನ್ನ ಅಭಿಪ್ರಾಯ ಕೇಳುವುದಾದರೆ, ಆ ದಡಕ್ಕೆ ಇಳಿಯುವ ಅಪಾಯ ಯಾರಾದರೂ ತೆಗೆದುಕೊಳ್ಳಲೇಬೇಕಾಗಿತ್ತು. ಕಲ್ಲಿನ ಮೇಲೆ ಅನ್ನ ಇಟ್ಟು ಬರುವುದರಿಂದ ಕೊಳವೆ ನೀರು ಬರುತ್ತಿರಲಿಲ್ಲ. ಚುಂಗಾಣಿ ಹಂಚಿಕೊಂಡದ್ದು ಮಾತ್ರ ಬೇಡವಾಗಿತ್ತು, ಮದರ್ ಮರಿಯಾನ್ನೆಯವರ ಹಾಗೆ ಜೋಪಾನವಾಗಿದ್ದರೆ ಇನ್ನೂ ಇಪ್ಪತ್ತು ವರ್ಷ ದುಡಿಯಬಹುದಿತ್ತೇನೋ ಅಂತ ಅನ್ನಿಸುತ್ತದೆ. ಹಾಗಂದ ಮರುಕ್ಷಣವೇ ಆ ಪೋಯಿಯ ಬೋಗುಣಿ ನೆನಪಾಗುತ್ತದೆ. ಇಡೀ ಜಗತ್ತೇ ಮುಟ್ಟದೆ ಬಿಟ್ಟ ಜನ, ತಮ್ಮ ಜೊತೆ ಕೂತು ಉಂಡವನ ಮಾತಿಗೆ ಗುದ್ದಲಿ ಹಿಡಿದರು. ದೂರ ನಿಂತು ಹೇಳಿದ್ದರೆ ಹಿಡಿಯುತ್ತಿದ್ದರೆ? ಡೇಮಿಯನ್ನರಿಗೂ ರೋಗ ತಗುಲಿತೆಂಬ ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಬಂದ ಮೇಲೇ ಹಣ, ಔಷಧಿ, ಡಟನ್ನರಂಥ ಸಹಾಯಕರು ಬಂದದ್ದು ಎಂಬುದನ್ನೂ ಮರೆಯುವ ಹಾಗಿಲ್ಲ. ಈ ಎರಡು ತಕ್ಕಡಿಯನ್ನು ಸಮ ಮಾಡಲು ನನ್ನಿಂದ ಆಗಿಲ್ಲ.

ನಮ್ಮಲ್ಲೂ 1939ರಲ್ಲಿ ಸೇವಾಗ್ರಾಮಕ್ಕೆ ಬಂದ ಪರಚುರೆ ಶಾಸ್ತ್ರಿಗಳೆಂಬ ಕುಷ್ಠರೋಗಿ ಪಂಡಿತರಿಗೆ ಗಾಂಧೀಜಿ ತಮ್ಮ ಕುಟೀರದ ಹತ್ತಿರವೇ ಜಾಗ ಕೊಟ್ಟು, ಸ್ವತಃ ಮೈ ನೀವಿ ಆರೈಕೆ ಮಾಡಿದರು. ಈಗಂತೂ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ಗುಣವಾಗುವ ಕಾಹಿಲೆ ಇದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಮುಚ್ಚಿಡದೆ ತೋರಿಸಬೇಕು, ಅಷ್ಟೆ. ಕೆರೆ ಏರಿ ಕೆಳಗಿನ ಗುಡಿಸಲಿನವರ ಕಾಲಕ್ಕೆ ಈ ಮಾತ್ರೆಗಳು ನಮ್ಮೂರಿಗೆ ಬಂದಿರಲಿಲ್ಲ.

ಮೊಲೊಕಾಯಿಗೆ ರೋಗಿಗಳನ್ನು ಗಡೀಪಾರು ಮಾಡುವ ಕಾನೂನು 1969ರಲ್ಲಿ ರದ್ದಾಯಿತು. ಅಲ್ಲಿಯವರೆಗೆ ಸುಮಾರು 8000 ಜನರನ್ನು ಅಲ್ಲಿಗೆ ಸಾಗಿಸಿದ್ದರು. ಬಿಡುಗಡೆ ಸಿಕ್ಕ ಮೇಲೂ ಕೆಲವರು ಅದೇ ನಮ್ಮೂರು ಅಂತ ಅಲ್ಲೇ ಉಳಿದರು. ಡೇಮಿಯನ್ನರ ಅಸ್ಥಿಯನ್ನು 1936ರಲ್ಲಿ ಬೆಲ್ಜಿಯಂ ಸರ್ಕಾರ ತರಿಸಿಕೊಂಡಿತ್ತು, 2009ರಲ್ಲಿ ಪೋಪರು ಅವರನ್ನು ಸಂತರೆಂದು ಸಾರಿದರು. ದ್ವೀಪದವರಿಗೆ ತಮ್ಮವರನ್ನು ಕೊಂಡೊಯ್ದರೆಂಬ ನೋವು ಬಹಳ ಕಾಲ ಇತ್ತು. 1995ರಲ್ಲಿ ಅವರ ಬಲಗೈಯ ಮೂಳೆಗಳನ್ನು ಹಿಂದಕ್ಕೆ ಕಳಿಸಿಕೊಟ್ಟರು. ಗರಗಸ ಹಿಡಿದ, ಹುಣ್ಣು ತೊಳೆದ, ಬೋಗುಣಿಗೆ ಅದ್ದಿದ ಆ ಕೈಯನ್ನು ಕಲವಾವೊದ ಹಳೆಯ ಸಮಾಧಿಯಲ್ಲಿ ಮತ್ತೆ ಮಣ್ಣು ಮಾಡಿದ್ದಾರೆ.