ಹೆಬ್ಬೆಟ್ಟಿನ ಗುರುತು ಮತ್ತು ಹರ್ಷೆಲ್ ಸಾಹೇಬರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ತೋಟವೊಂದು ಕ್ರಯವಾಗುವಾಗ, ಚಕ್ಕುಬಂದಿ ಬರೆದು, ಮರಗಳನ್ನು ಕಾಣಿಸಿ, ಸಾಕ್ಷಿಗಳ ರುಜುವಾದ ಮೇಲೆ, ಸಬ್ ರಿಜಿಸ್ಟ್ರಾರರ ಕಛೇರಿಯಲ್ಲಿ ಕೊಡುವವನೂ ಕೊಳ್ಳುವವನೂ ಬೆರಳೊತ್ತಬೇಕಾಗುವುದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿಯೇ ಆಗಿದೆ. ಓದುಬರಹ ಬಲ್ಲವನಿಗೂ ಇದರಿಂದ ಬಿಡುಗಡೆಯಿಲ್ಲ. ನೋಂದಣಿಯ ಕಾನೂನಿಗೆ ೨೦೦೧ರಲ್ಲಿ ಆದ ತಿದ್ದುಪಡಿಯಂತೆ ಉಭಯರ ಭಾವಚಿತ್ರವೂ ಬೆರಳಚ್ಚೂ ಪತ್ರದ ಮೇಲೆ ಇರಲೇಬೇಕು. ಆದರೂ ಹೆಬ್ಬೆಟ್ಟೆಂಬ ಮಾತು ನಮ್ಮಲ್ಲಿ ಇನ್ನೂ ಅಕ್ಷರವರಿಯದವನನ್ನು ಹಳಿಯುವ ಮಾತಾಗಿಯೇ ಉಳಿದಿದೆ. ಈ ಪದ್ಧತಿಯನ್ನು ಸರಕಾರಿ ಕಾಗದಪತ್ರಗಳಲ್ಲಿ ಮೊದಲು ನೆಲೆಗೊಳಿಸಲು ಯತ್ನಿಸಿದ ಸರ್ ವಿಲಿಯಂ ಜೇಮ್ಸ್ ಹರ್ಷೆಲ್ಲರ ಚರಿತ್ರೆಯನ್ನು ನೋಡಿದರೆ ಆ ಹಳಿಕೆ ಎಷ್ಟು ಬುಡವಿಲ್ಲದುದೆಂಬುದು ಗೊತ್ತಾಗುವುದು.

ಹರ್ಷೆಲ್ಲರು ಹುಟ್ಟಿದ್ದು ೧೮೩೩ನೆಯ ಇಸವಿ ಜನವರಿ ೯ರಂದು, ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ. ಮನೆತನ ಜ್ಯೋತಿರ್ವಿದರದು. ತಾತನು ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ತಂದೆಯು ದಕ್ಷಿಣ ಆಫ್ರಿಕದ ತುದಿಗೆ ಹೋಗಿ ಅಲ್ಲಿಯ ನಕ್ಷತ್ರಗಳನ್ನು ಪಟ್ಟಿಮಾಡಿದವನು. ಮೊಮ್ಮಗನು ಆಕಾಶವನ್ನು ಬಿಟ್ಟು ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಯನ್ನು ಹಿಡಿದು, ೧೮೫೩ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ ಬಂಗಾಳಕ್ಕೆ ಬಂದನು.

೧೮೫೭ರ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಆಳುವವರಿಗೆ ಪ್ರಜೆಗಳಲ್ಲಿಯೂ ಪ್ರಜೆಗಳಿಗೆ ಆಳುವವರಲ್ಲಿಯೂ ನಂಬಿಕೆ ಕೆಟ್ಟಿತ್ತು. ಕೋರ್ಟುಗಳಿಗೆ ಕೂಟಸಾಕ್ಷ್ಯವೂ ಸುಳ್ಳು ದಸ್ತಾವೇಜುಗಳೂ ಬರುತ್ತಿದ್ದವು; ಕರಾರು ಬರೆದುಕೊಟ್ಟವನು ನಾಳೆ ಅದು ತನ್ನ ರುಜುವೇ ಅಲ್ಲವೆಂದರೆ ತೋರಿಸಲು ಸಾಧನವಿರಲಿಲ್ಲ. ಇಂಥ ಸಮಯದಲ್ಲಿ, ೧೮೫೮ರ ಜುಲೈ ತಿಂಗಳಲ್ಲಿ, ಜಂಗೀಪುರದಲ್ಲಿದ್ದ ಹರ್ಷೆಲ್ಲರು ರಸ್ತೆಗೆ ಬೇಕಾದ ಸಾಮಗ್ರಿಯನ್ನು ಒದಗಿಸಲು ರಾಜ್ಯಧರ ಕೋನಾಯಿ ಎಂಬ ಕಂಟ್ರಾಕ್ಟರನೊಡನೆ ಕರಾರು ಮಾಡಿಕೊಂಡರು. ಕರಾರನ್ನು ಕೋನಾಯಿಯೇ ಬಂಗಾಳಿಯಲ್ಲಿ ಬರೆದನು. ಅವನು ಇನ್ನೇನು ರುಜು ಹಾಕಬೇಕು, ಸಾಹೇಬರಿಗೆ ಹೊಸದೊಂದು ಯೋಚನೆ ಬಂದಿತು. ಕಛೇರಿಯ ಮೊಹರಿಗೆಂದು ಇಟ್ಟಿದ್ದ ಎಣ್ಣೆಮಸಿಯನ್ನು ಅವನ ಅಂಗೈಗೂ ಬೆರಳುಗಳಿಗೂ ಬಳಿದು ಕಾಗದದ ಹಿಂಭಾಗದಲ್ಲಿ ಒತ್ತಿಸಿದರು. ಮುಂದೆ ಇಲ್ಲವೆನ್ನದಂತೆ ಅವನನ್ನು ಹೆದರಿಸುವುದಷ್ಟೇ ತಮ್ಮ ಉದ್ದೇಶವಾಗಿದ್ದಿತೆಂದು ಹರ್ಷೆಲ್ಲರೇ ಮುಂದೆ ಒಪ್ಪಿಕೊಂಡಿದ್ದಾರೆ. ಇದರಲ್ಲಿ ರೈತನ ಮೇಲಿನ ಪ್ರೀತಿ ಎಲ್ಲಿಯೂ ಇರಲಿಲ್ಲ, ಇದ್ದುದು ಸಂದೇಹ. ಮೊದಲು ಕೈಯೊತ್ತಿದವನು ನಿರಕ್ಷರಿಯೂ ಆಗಿರಲಿಲ್ಲ. ಬರೆಯಬಲ್ಲವನ ಬರಹವನ್ನು ನಂಬದೆ ಹೋದುದರಿಂದಲೇ ಈ ಗುರುತು ಹುಟ್ಟಿತು.

ಹೆದರಿಕೆಗೆಂದು ಮಾಡಿದ್ದು ಶಾಸ್ತ್ರವಾದದ್ದು ಹರ್ಷೆಲ್ಲರ ಹಟದಿಂದ. ಮಿತ್ರರು, ಬಂಧುಗಳು, ಸಹೋದ್ಯೋಗಿಗಳು ಯಾರು ಸಿಕ್ಕಿದರೂ ಅವರ ಬೆರಳುಗಳನ್ನು ಒತ್ತಿಸಿಕೊಂಡು ತಾರೀಖು ಹಾಕಿ ಇಟ್ಟರು. ತಮ್ಮ ಬೆರಳನ್ನೂ ಬಿಡಲಿಲ್ಲ. ವರ್ಷಗಳು ಕಳೆದ ಮೇಲೆ ಅದೇ ವ್ಯಕ್ತಿಯಿಂದ ಮತ್ತೆ ಒತ್ತಿಸಿ ಹೋಲಿಸಿದರು. ಮುಖ ಸುಕ್ಕಾಗಿತ್ತು, ಕೂದಲು ನರೆತಿತ್ತು. ಬೆರಳ ಗೆರೆಗಳು ಮಾತ್ರ ಹಾಗೆಯೇ ಇದ್ದವು. ನೀಲಿ ಬೆಳೆಯ ಗಲಭೆಯ ಕಾಲದಲ್ಲಿ ನದಿಯಾ ಜಿಲ್ಲೆಯ ಮ್ಯಾಜಿಸ್ಟ್ರೇಟರಾಗಿದ್ದಾಗ, ಕೃತ್ರಿಮ ಪತ್ರಗಳ ಹಾವಳಿಯನ್ನು ಕಂಡು ಈ ಉಪಾಯವನ್ನು ಸರಕಾರಕ್ಕೆ ಸೂಚಿಸಿದರು. ಸರಕಾರ ಮನಸ್ಸು ಮಾಡಲಿಲ್ಲ.

೧೮೭೭ರಲ್ಲಿ ಹೂಗ್ಲಿ ಜಿಲ್ಲೆಯ ಅಧಿಕಾರ ಕೈಗೆ ಬಂದಾಗ ಅವರು ಅಪ್ಪಣೆಗೆ ಕಾಯದೆ ಕೆಲಸವನ್ನೇ ಆರಂಭಿಸಿದರು. ಪಿಂಚಣಿದಾರನು ಸತ್ತ ಮೇಲೆಯೂ ಅವನ ಹೆಸರಿನಲ್ಲಿ ಬೇರೊಬ್ಬನು ಹಣ ಎಣಿಸಿಕೊಂಡು ಹೋಗುವುದುಂಟಷ್ಟೆ. ಅದಕ್ಕೆ ಪಿಂಚಣಿಯ ಪುಸ್ತಕದಲ್ಲಿ ಬೆರಳಿನ ಗುರುತು. ಆಸ್ತಿಯ ಪತ್ರವನ್ನು ಬರೆದುಕೊಟ್ಟವನು ಅಲ್ಲಗಳೆದರೆ ಅದಕ್ಕೆ ನೋಂದಣಿಯ ಪುಸ್ತಕದಲ್ಲಿ ಗುರುತು. ಶಿಕ್ಷೆಯಾದವನು ಕೂಲಿ ಕೊಟ್ಟು ತನ್ನ ಬದಲು ಇನ್ನೊಬ್ಬನನ್ನು ಸೆರೆಗೆ ಕಳುಹಿಸಬಾರದೆಂದು ಜೈಲಿನಲ್ಲಿಯೂ ಗುರುತು. ಪೋಲೀಸಿನ ಮಾತು ಆಮೇಲೆ ಬಂದದ್ದು. ಮೊದಲು ಬಂದದ್ದು ಪಿಂಚಣಿ ಮತ್ತು ಕ್ರಯಪತ್ರ. ಅದೇ ವರ್ಷದ ಆಗಸ್ಟಿನಲ್ಲಿ ಇದನ್ನು ವಿಸ್ತರಿಸಬೇಕೆಂದು ಮೇಲಧಿಕಾರಿಗಳಿಗೆ ಕಾಗದ ಬರೆದರು. ಅದಕ್ಕೂ ಉತ್ತೇಜನ ದೊರೆಯಲಿಲ್ಲ. ೧೮೭೮ರಲ್ಲಿ ದೇಹಸ್ಥಿತಿ ಕೆಟ್ಟು ಅವರು ಸ್ವದೇಶಕ್ಕೆ ಹೋದರು. ಹೂಗ್ಲಿಯಲ್ಲಿ ಪದ್ಧತಿ ನಿಂತುಹೋಯಿತು. ಅಧಿಕಾರಿ ವರ್ಗವಾದೊಡನೆ ಅವನು ಹಚ್ಚಿದ ದೀಪವೂ ಆರುವುದು ನಮ್ಮ ಕಛೇರಿಗಳಲ್ಲಿ ಹೊಸತಲ್ಲ.

೧೮೮೦ರಲ್ಲಿ ಜಪಾನಿನಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸರು ನೇಚರ್ ಪತ್ರಿಕೆಯಲ್ಲಿ ಬೆರಳಚ್ಚಿನಿಂದ ಅಪರಾಧಿಗಳನ್ನು ಹಿಡಿಯಬಹುದೆಂದು ಬರೆದರು. ಮುಂದಿನ ತಿಂಗಳೇ ಹರ್ಷೆಲ್ಲರು ಅದೇ ಪತ್ರಿಕೆಯಲ್ಲಿ ತಮ್ಮ ಇಪ್ಪತ್ತು ವರ್ಷಗಳ ಅನುಭವವನ್ನು ತಿಳಿಸಿದರು. ಯಾರು ಮೊದಲೆಂಬ ಜಗಳ ಅವರಿಬ್ಬರ ಕಾಲ ಮುಗಿಯುವವರೆಗೂ ಮುಗಿಯಲಿಲ್ಲ. ಅದನ್ನು ನಾವು ಇಲ್ಲಿ ತೀರಿಸಹೋಗುವುದಿಲ್ಲ. ಗಾಲ್ಟನರು ೧೮೯೨ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಹರ್ಷೆಲ್ಲರು ತಮ್ಮ ಸಂಗ್ರಹವನ್ನು ಉದಾರವಾಗಿ ಕೊಟ್ಟರು.

ಆದರೆ ಗುರುತು ಬದಲಾಗುವುದಿಲ್ಲವೆಂದು ತಿಳಿದರೆ ಸಾಲದು; ಸಾವಿರಾರು ಗುರುತುಗಳಲ್ಲಿ ಬೇಕಾದುದನ್ನು ಹುಡುಕಿ ತೆಗೆಯುವುದು ಹೇಗೆ? ಇದನ್ನು ಸಾಧಿಸಿದ್ದು ಕಲ್ಕತ್ತೆಯಲ್ಲಿ. ಬಂಗಾಳದ ಪೋಲೀಸು ಮುಖ್ಯಾಧಿಕಾರಿ ಎಡ್ವರ್ಡ್ ಹೆನ್ರಿಯವರ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬಿಬ್ಬರು ದುಡಿದು, ಗೆರೆಗಳ ಜಾತಿಯನ್ನು ವಿಂಗಡಿಸಿ, ೧೦೨೪ ಗೂಡುಗಳಲ್ಲಿ ಹಂಚಿಡುವ ಲೆಕ್ಕವನ್ನು ಸಿದ್ಧಪಡಿಸಿದರು. ೧೮೯೭ರಲ್ಲಿ ಅಲ್ಲಿಯೇ ಬೆರಳಚ್ಚಿನ ಕಛೇರಿ ಸ್ಥಾಪಿತವಾಯಿತು. ಲಂಡನ್ನಿನ ಪೋಲೀಸರು ಅದನ್ನು ಅನುಸರಿಸಿದ್ದು ೧೯೦೧ರಲ್ಲಿ. ಪದ್ಧತಿಗೆ ಅಂಟಿದ ಹೆಸರು ಹೆನ್ರಿಯವರದು. ದುಡಿದ ಭಾರತೀಯರಿಗೆ ಬಹಳ ಕಾಲದ ಮೇಲೆ ಖಾನ್ ಬಹದ್ದೂರ್, ರಾಯ್ ಬಹದ್ದೂರ್ ಬಿರುದುಗಳು ದೊರೆತವು.

ಹರ್ಷೆಲ್ಲರು ಬದುಕಿರುವಾಗಲೇ ಅವರ ಮಸಿ ಟ್ರಾನ್ಸ್‌ವಾಲಿನಲ್ಲಿ ಬೇರೆ ಬಣ್ಣವನ್ನು ತಾಳಿತು. ಅಲ್ಲಿಯ ಸರಕಾರ ೧೯೦೬-೦೭ರಲ್ಲಿ ಭಾರತೀಯರೆಲ್ಲರೂ ಹತ್ತು ಬೆರಳುಗಳನ್ನೂ ಒತ್ತಿ ಹೆಸರು ದಾಖಲಿಸಬೇಕೆಂದು ವಿಧಿಸಿತು. ಕಾನೂನಿನ ಬಲದಿಂದ ಬೆರಳೊತ್ತಿಸುವುದು ಅಪರಾಧಿಗಳಿಂದ ಮಾತ್ರವೆಂಬುದನ್ನು ಗಾಂಧೀಜಿ ಹೆನ್ರಿಯವರ ಪುಸ್ತಕದಿಂದಲೇ ತಿಳಿದುಕೊಂಡರು. ಸ್ವಸಂತೋಷದಿಂದ ಕೊಡುವುದು ಬೇರೆ, ಬಲಾತ್ಕಾರದಿಂದ ಕೊಡುವುದು ಬೇರೆ ಎಂಬುದು ಅವರ ನಿಲುವು. ೧೯೦೮ರ ಆರಂಭದಲ್ಲಿ ರಾಜಿಯಾದಾಗ ತಾವೇ ಬೆರಳು ಕೊಡಲು ಹೊರಟು ಸ್ವಜನರ ಕೈಯಲ್ಲಿಯೇ ಪೆಟ್ಟು ತಿಂದರು. ಗಾಯಗೊಂಡು ಮಲಗಿದ್ದರೂ ಬೆರಳು ಕೊಟ್ಟರು. ಸರಕಾರ ಮಾತಿಗೆ ತಪ್ಪಿದಾಗ, ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಪತ್ರಗಳು ಬೆಂಕಿಗೆ ಬಿದ್ದವು.

೧೯೧೬ರಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಹರ್ಷೆಲ್ಲರು ಈ ಪದ್ಧತಿಯ ಉತ್ಪತ್ತಿಯನ್ನು ಕುರಿತು ಚಿಕ್ಕ ಪುಸ್ತಕವೊಂದನ್ನು ಹೊರಡಿಸಿದರು. ೧೮೫೯ರಲ್ಲಿ ಒತ್ತಿದ ತಮ್ಮ ಬೆರಳನ್ನು ಐವತ್ತೇಳು ವರ್ಷಗಳ ಮೇಲೆ ಪುನಃ ಒತ್ತಿ ನೋಡಿದರು, ಗೆರೆ ತಪ್ಪಿರಲಿಲ್ಲ. ೧೯೧೭ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆದರೆ ಅವರದು ಲೇಖನಿ ಹಿಡಿದ ಕೈ. ೨೦೧೦ರಲ್ಲಿ ಆಧಾರ್ ನೋಂದಣಿಗೆ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಮೈಸೂರಿನೊಡನೆ ನಮ್ಮ ತುಮಕೂರೂ ಇದ್ದಿತು. ಅಂದಿನಿಂದ ಮಸಿ ಹೋಗಿ ಗಾಜು ಬಂದಿದೆ. ಪಡಿತರದ ಅಂಗಡಿಯಲ್ಲಿ ಅಕ್ಕಿಗೂ ಬೆರಳೇ ಬೇಕಾಗಿದೆ. ಮರ ಹತ್ತಿ ಕಾಯಿ ಕೆಡವುವವನು, ದಿನವೆಲ್ಲ ಮಟ್ಟೆ ಸುಲಿಯುವವನು, ನಾರು ಬಡಿಯುವ ಹೆಂಗಸು, ಇವರ ಬೆರಳ ಗೆರೆಗಳು ಹುಟ್ಟಿದಂತೆಯೇ ಇದ್ದರೂ ಮೇಲಿನ ಚರ್ಮ ಸವೆದು ಯಂತ್ರಕ್ಕೆ ಕಾಣಿಸುವುದಿಲ್ಲ. ಕೆಲವು ದಿನ ಕೆಲಸ ಬಿಟ್ಟರೆ ಗೆರೆ ತಾನಾಗಿ ಮೂಡುವುದು. ಕೆಲಸ ಬಿಟ್ಟರೆ ಅವರು ಉಣ್ಣುವುದೇನನ್ನು? ಅಂಥವರಿಗೆ ಕಣ್ಣಿನ ಪಾಪೆಯ ಗುರುತು, ಮೊಬೈಲಿಗೆ ಬರುವ ಸಂಖ್ಯೆ ಮೊದಲಾದ ಬೇರೆ ದಾರಿಗಳನ್ನು ಸರಕಾರದವರೇ ಮಾಡಿಟ್ಟಿದ್ದಾರೆ. ಯಂತ್ರ ಒಪ್ಪಲಿಲ್ಲವೆಂದು ಬಾಗಿಲಿನಿಂದಲೇ ಹಿಂದಿರುಗಿಸುವ ಮುನ್ನ ಆ ದಾರಿಗಳನ್ನು ತೆರೆದು ತೋರಿಸಬೇಕೆಂದು ತಾಲ್ಲೂಕುಗಳ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುತ್ತೇವೆ.