ಸರ್ ದೊರಾಬ್ಜಿ ಟಾಟಾ

ಜಮ್‌ಷೆಡ್ಜಿಯವರು ೧೯೦೪ರಲ್ಲಿ ದಿವಂಗತರಾದಾಗ ಅವರ ಉಕ್ಕಿನ ಕಾರ್ಖಾನೆಯು ಇನ್ನೂ ಸಂಕಲ್ಪಮಾತ್ರವಾಗಿತ್ತು. ೧೮೫೯ರಲ್ಲಿ ಮುಂಬಯಿಯಲ್ಲಿ ಜನಿಸಿದ ಹಿರಿಯ ಮಗ ದೊರಾಬ್ಜಿಯವರಿಗೆ ಗಿರಣಿಗಳ ಐಶ್ವರ್ಯದೊಡನೆ ಈ ಪಿತೃಋಣವೂ ಬಂದಿತು. ಲಂಡನ್ನಿನ ಧನಿಕರು ಹಿಂಜರಿಯಲು, ೧೯೦೭ರಲ್ಲಿ ಸ್ವದೇಶೀಯರಿಂದಲೇ ಷೇರುಹಣವನ್ನು ಕೂಡಿಸಿ ಕಂಪನಿಯನ್ನು ಸ್ಥಾಪಿಸಿದರು. ೧೯೧೨ರಲ್ಲಿ ಸಾಕ್ಚಿಯಲ್ಲಿ ಉಕ್ಕು ಸಿದ್ಧವಾಯಿತು. ತಂದೆಯ ಮತ್ತೊಂದು ಹಂಬಲವಾದ ಬೆಂಗಳೂರಿನ ವಿಜ್ಞಾನಮಂದಿರವು ೧೯೦೯ರಲ್ಲಿಯೇ ಮೈದಾಳಿದ್ದಿತು.

ಮಹಾಯುದ್ಧಾನಂತರ ಕಾರ್ಖಾನೆಯನ್ನು ಬಹುವಾಗಿ ವಿಸ್ತರಿಸಿದರು. ಅಷ್ಟರಲ್ಲಿ ಪರದೇಶದ ಅಗ್ಗದ ಉಕ್ಕು ನುಗ್ಗಿ ಬೆಲೆ ಕುಸಿಯಿತು. ೧೯೨೪ರಲ್ಲಿ ಕೂಲಿಕಾರರ ಸಂಬಳಕ್ಕೂ ಹಣವಿಲ್ಲದಾಯಿತು. ಆಗ ದೊರಾಬ್ಜಿಯವರು ಸುಮಾರು ಒಂದು ಕೋಟಿ ರೂಪಾಯಿಗಳ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟರು. ಪತ್ನಿ ಮೆಹೆರ್‌ಬಾಯಿಯವರ ಆಭರಣಗಳೂ, ಜಗತ್ಪ್ರಸಿದ್ಧವಾದ ಜ್ಯೂಬಿಲಿ ವಜ್ರವೂ ಅದರಲ್ಲಿ ಸೇರಿದ್ದುವು. ಈ ಸಾಧ್ವಿಯು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಹಿರಿಯ ಅಧಿಕಾರಿಗಳಾಗಿದ್ದ ಹೊರ್ಮಸ್ಜಿ ಭಾಭಾ ಅವರ ಪುತ್ರಿಯೆಂಬುದು ನಮಗೆ ಅಭಿಮಾನದ ಸಂಗತಿ. ಸಂಬಳಕ್ಕೆ ದುಡಿಯುವ ಅಧಿಕಾರಿಯು ಇಂತಹ ಸಾಹಸಕ್ಕೆ ಕೈಹಾಕಲಾರನು. ಹಾಕೆಂದು ಕೇಳುವುದೂ ನ್ಯಾಯವಲ್ಲ. ಮನೆತನದ ಯಜಮಾನಿಕೆಗೆ ಮಾತ್ರ ಇದು ಸಾಧ್ಯ. ಆದರೆ ಲೆಕ್ಕ ತಪ್ಪಿದ್ದರೆ ಕಾರ್ಖಾನೆಯೊಡನೆ ಮನೆಯೂ ಮುಳುಗುತ್ತಿದ್ದಿತೆಂಬುದನ್ನು ಮರೆಯಲಾಗದು. ಅದೇ ವರ್ಷ ಸರ್ಕಾರವು ಸಂರಕ್ಷಣಾ ಸುಂಕವನ್ನು ವಿಧಿಸಿದ್ದೂ ಒದಗಿಬಂದು ಕಾರ್ಖಾನೆ ಉಳಿಯಿತು.

ದಂಪತಿಗಳಿಗೆ ಸಂತಾನವಿರಲಿಲ್ಲ. ೧೯೩೧ರಲ್ಲಿ ಪತ್ನೀವಿಯೋಗವಾಗಲು, ಮರುವರ್ಷ ದೊರಾಬ್ಜಿಯವರು ಆ ಆಭರಣಗಳನ್ನೂ ಒಳಗೊಂಡಂತೆ ಸಮಸ್ತ ಆಸ್ತಿಯನ್ನೂ ಧರ್ಮನಿಧಿಗೆ ಬರೆದುಕೊಟ್ಟು, ಜರ್ಮನಿಯಲ್ಲಿ ಕಾಲವಾದರು. ೧೯೪೧ರಲ್ಲಿ ಮುಂಬಯಿಯಲ್ಲಿ ತೆರೆದ ಕ್ಯಾನ್ಸರ್ ಆಸ್ಪತ್ರೆಯು ಆ ನಿಧಿಯಿಂದಲೇ ಸ್ಥಾಪಿತವಾದುದು.